ಯಾರ ಫೋನಿಗೆ ಮೊದಲು ನೆಟ್?

ಮನೆಗಳಿಗೆ ಇಂಟರ್ನೆಟ್ ಹಾಕಿಕೊಡುವುದು ನನ್ನ ಕೆಲಸ. ನೆಟ್ ನಿಧಾನವಿರುವ ಮನೆಯಲ್ಲಿ ಯಾವ ಫೋನಿಗೆ ಮೊದಲು ಹೋಗಬೇಕು, ಯಾವುದಕ್ಕೆ ಆಮೇಲೆ ಎಂದು ರೌಟರಿನಲ್ಲಿ ಸಾಲು ಹಚ್ಚಬಹುದು. ಇದನ್ನು ಒಂದು ಮನೆಯಲ್ಲಿ ಬಾಯಿ ತಪ್ಪಿ ಹೇಳಿದೆ. ಅಂದಿನಿಂದ ರಾಯಚೂರು, ಮಾನ್ವಿ, ದೇವದುರ್ಗ ಎಲ್ಲಿ ಹೋದರೂ ವಯರ್ ಎಳೆಯುವುದಕ್ಕಿಂತ ಪಂಚಾಯ್ತಿ ಮಾಡುವುದೇ ಹೆಚ್ಚಾಗಿದೆ.

೧. ಹಿರಿಯರು ಮೊದಲು

ರಾಯಚೂರಿನಲ್ಲಿ ಅಕ್ಕಿ ಗಿರಣಿಯವರ ದೊಡ್ಡ ಮನೆ. ಅಣ್ಣತಮ್ಮಂದಿರು, ಅವರ ಹೆಂಡಂದಿರು, ಮಕ್ಕಳು, ಎಲ್ಲರ ಕೈಯಲ್ಲೂ ಒಂದೊಂದು ಫೋನು. ಮೊದಲ ನಂಬರ್ ಯಾರದು ಎಂಬ ಮಾತು ಬೆಳೆದು, ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಯಿತು. ಕೊನೆಗೆ ಅಜ್ಜ, "ಮನ್ಯಾಗ ಹಿರೇರು ನಾನು. ನಂದು ಮೊದಲು ಹಾಕ್ರಿ" ಎಂದರು.

ಫೋನ್ ಕೇಳಿದೆ. ಅಂಗಿಯ ಜೇಬಿನಿಂದ ಗುಂಡಿ ಒತ್ತುವ ಹಳೆಯ ಫೋನು ತೆಗೆದರು.

"ಇದರಾಗ ನೆಟ್ ಬರಂಗಿಲ್ರಿ ಯಜಮಾನ್ರ."

"ಬರದಿದ್ರ ಬಿಡ್ಲಿ. ಹೆಸರು ಮ್ಯಾಲಿರಲಿ."

ಚೀಟಿಯಲ್ಲಿ ಅವರ ಹೆಸರು ಬರೆದು ರೌಟರಿನ ತಲೆಗೆ ಅಂಟಿಸಿ ಬಂದೆ. ಆ ಮನೆಯಿಂದ ಮತ್ತೆ ತಕರಾರು ಬಂದಿಲ್ಲ.

೨. ಗುಟ್ಟು

ಮಾನ್ವಿಯ ಒಬ್ಬ ಮಾಸ್ತರರು ಫೋನ್ ಮಾಡಿ, "ಕ್ರಿಕೆಟ್ ನಿಂತು ನಿಂತು ಬರಾಕತ್ತದ. ನನ್ನ ಫೋನ್ ಮೊದಲು ಮಾಡ್ರಿ. ನಮ್ಮ ಮನಿಯಾಕಿಗೆ ಹೇಳಬ್ಯಾಡ್ರಿ" ಎಂದರು. ಅರ್ಧ ತಾಸಿಗೆ ಅವರ ಮನೆಯವರೇ ಫೋನ್ ಮಾಡಿದರು. ಅವರು ವಿಡಿಯೋದಲ್ಲಿ ಹೊಲಿಗೆ ಕಲಿಸುತ್ತಾರೆ. "ನನ್ನ ಫೋನ್ ಮೊದಲು ಮಾಡ್ರಿ. ನಮ್ಮ ಸರ್‌ಗೆ ಹೇಳಬ್ಯಾಡ್ರಿ."

ನಾನು ಇಬ್ಬರಿಗೂ ಹೂಂ ಅಂದೆ, ಏನೂ ಮಾಡಲಿಲ್ಲ. ಸಂಜೆ ಇಬ್ಬರೂ ಬೇರೆ ಬೇರೆ ಫೋನ್ ಮಾಡಿ, ಈಗ ಭಾಳ ಚಲೋ ಆಗ್ಯಾದ ಎಂದು ಹರಸಿದರು.

೩. ಹುಡುಗಿ ನೋಡುವ ಶಾಸ್ತ್ರ

ದೇವದುರ್ಗದ ಬಟ್ಟೆ ಅಂಗಡಿಯವರ ಮಗಳು ಆಸ್ಪತ್ರೆಯಲ್ಲಿ ನರ್ಸ್. ವಾರ್ಡಿನಲ್ಲಿ ಆಕೆಯ ದನಿ ಗೇಟಿನವರೆಗೆ ಕೇಳಿಸುತ್ತದೆ ಎಂದು ಊರಿಗೆ ಗೊತ್ತು. ಸೊಲ್ಲಾಪುರದ ಹುಡುಗನ ಮನೆಯವರಿಗೆ ಬರಲು ಆಗದೆ, ವಿಡಿಯೋದಲ್ಲೇ ನೋಡುವುದೆಂದು ತೀರ್ಮಾನವಾಯಿತು. ಅಪ್ಪ ನನ್ನನ್ನು ಕರೆಸಿ, "ಇವತ್ತು ಒಂದು ತಾಸು ನೆಟ್ಟೆಲ್ಲ ಲ್ಯಾಪ್‌ಟಾಪಿಗೇ ಹೋಗಬೇಕು. ನನ್ನ ಮಗಳ ಬಾಳಿನ ಪ್ರಶ್ನಿ ಅದ" ಎಂದರು. ನೆಂಟರ ಫೋನುಗಳನ್ನೆಲ್ಲ ಸಾಲಿನಿಂದ ತೆಗೆದೆ. ಸೋದರಮಾವ ಮೂರು ಸಲ ಫೋನ್ ಬಂದ್ ಮಾಡಿ ಚಾಲೂ ಮಾಡಿ ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ.

ಹುಡುಗ ಪರದೆಯ ಮೇಲೆ ಬಂದ. ಕೈ ಮುಗಿದು "ನಮಸ್ಕಾರ" ಅಂದ. ಅಲ್ಲಿಗೆ ಚಿತ್ರ ನಿಂತಿತು. ನಮ್ಮ ಕಡೆ ನಾನು ಸಾಲು ಹಚ್ಚಿದ್ದೆ, ಅವರ ಕಡೆ ಹಚ್ಚುವವರು ಯಾರು?

ಹುಡುಗಿಯ ಅಜ್ಜಿ ಕನ್ನಡಕ ಏರಿಸಿ ಹತ್ತು ನಿಮಿಷ ನೋಡಿದರು. "ಎಂಥಾ ಸಂಸ್ಕಾರ ನೋಡು. ಇಷ್ಟೊತ್ತಾತು, ಕೈ ಇಳಿಸಿಲ್ಲ."

ಅಷ್ಟರಲ್ಲಿ ಹುಡುಗನ ತಾಯಿ ಅಪ್ಪನಿಗೆ ಸಾದಾ ಫೋನ್ ಮಾಡಿದರು. ಅವರ ಪರದೆಯಲ್ಲಿ ನಾವೂ ಹಾಗೇ, ಹುಡುಗಿ ತಲೆ ತಗ್ಗಿಸಿದ್ದ ಹೊತ್ತಿಗೇ ನಿಂತುಬಿಟ್ಟಿದ್ದೆವು. "ಹುಡುಗಿ ಮನಸಿಗೆ ಬಂದಾಳ್ರೀ. ತಲಿ ಎತ್ತಲಿಲ್ಲ, ಒಂದು ಮಾತಾಡಲಿಲ್ಲ. ಭಾಳ ಸಮಾಧಾನದಾಕಿ." ಅಪ್ಪನಿಗೆ ಕೆಮ್ಮು ಬಂತು.

ಹುಡುಗಿ ಮಾತ್ರ ಆ ಫೋನ್ ಇಸಿದುಕೊಂಡು, ಹುಡುಗನಿಗೇ ಕೊಡಿ ಎಂದು ಮಾಳಿಗೆ ಹತ್ತಿದಳು. ಒಂದು ತಾಸು ಅವಳ ನಗು ಕೆಳಗೆ ನಮಗೆಲ್ಲ ಕೇಳಿಸಿತು. ಇಳಿದು ಬಂದು, "ಒಪ್ಪಿಗಿ ಅದ ಯಪ್ಪಾ" ಎಂದಳು. ಅಪ್ಪ ಕಣ್ಣೊರೆಸಿಕೊಂಡು ನನಗೂ ಒಂದು ಪ್ಲೇಟು ಮಿರ್ಚಿ ಬಜ್ಜಿ ಕೊಟ್ಟರು.

ನಾನು ಹೊರಡುವಾಗ, "ಅವರ ಕಡೆ ನೆಟ್ಟೂ ಹೆಂಗ ಸರಿ ಮಾಡಿಕೋಬೇಕು ಅಂತ ಫೋನಿನಾಗ ಹೇಳಿಕೊಡ್ತೀನ್ರಿ" ಎಂದೆ. ಅಜ್ಜಿ ನನ್ನ ಕೈ ಹಿಡಿದು ಬಾಗಿಲ ಹೊರಗೆ ಕರೆದೊಯ್ದರು.

"ಲಗ್ನ ಆಗೋತನಕ ಏನೂ ಮುಟ್ಟಬ್ಯಾಡಪ್ಪಾ. ನೆಟ್ ಹಿಂಗಿದ್ರನ ಎರಡೂ ಕಡಿಯವರು ಚಲೋ ಕಾಣಾಕತ್ತಾರ."