ಕುಲುಕಾಟವಿಲ್ಲದ ಕಾರು

"ನನ್ನ ಮಗು ಘಾಟಿಗೆ ಒಂದೇ ಒಂದು ಕುಲುಕಾಟವಿಲ್ಲದೆ ಹೋಗುತ್ತೆ. ಹೋಗಲೇಬೇಕು!"

ಘಾಟಿ ದೇವಸ್ಥಾನದಲ್ಲಿ ಮಗನ ಮುಡಿಗೆ ಇನ್ನೂ ಎಂಟು ದಿನವಿರುವಾಗಲೇ ತೂಬಗೆರೆಯ ಮನೆಯ ನಡುಮನೆಯಲ್ಲಿ ನಿಂತು ಸಿಂಚನ ಘೋಷಿಸಿದಳು. ಗಂಡ ನವೀನ್‌ಕುಮಾರ್ ಯಾರೋ ಓಡಿಸಿ ಬಿಟ್ಟ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ತಂದಿದ್ದ. ಅದು ಗುಂಡಿಗಿಳಿದರೆ ಕೂತವರ ಹಲ್ಲು ಕಟಕಟ ಎನ್ನುತ್ತಿದ್ದವು. ಸೈಲೆನ್ಸರ್ ಹೊಗೆ ಹೊರಗಿಗಿಂತ ಒಳಗೇ ಹೆಚ್ಚು. ಹನ್ನೊಂದು ತಿಂಗಳ ಕೂಸಿನ ಕತ್ತಿನ ಗತಿ? ಶ್ವಾಸಕೋಶದ ಗತಿ? ಇಪ್ಪತ್ತು ವಿಡಿಯೋ ನೋಡಿ ಅವಳು ಕುಲುಕು ತಡೆಯುವ ಹೊಸ ಸಸ್ಪೆನ್ಷನ್ನು, ಹೊಗೆ ಹೊರಹಾಕುವ ಹೊಸ ಎಕ್ಸಾಸ್ಟು ಎರಡನ್ನೂ ತರಿಸಿಯೇಬಿಟ್ಟಳು.

ಭಾನುವಾರ ಅಂಗಳದಲ್ಲೇ ಕಾರಿನ ಶಸ್ತ್ರಚಿಕಿತ್ಸೆ! ನವೀನ್ ಬಿಗಿದ ಒಂದೊಂದು ಬೋಲ್ಟನ್ನೂ ಸಿಂಚನ ಮತ್ತೆ ಬಿಗಿದಳು. ಸ್ಪ್ರಿಂಗಿನ ಕೆಳಗೊಂದು ರಿಂಗು. ಅದನ್ನು ಇಳಿಸಿದಷ್ಟೂ ಕಾರು ತಗ್ಗುತ್ತದೆ, ತಿರುವಿನಲ್ಲಿ ವಾಲುವುದಿಲ್ಲ ಎಂದಿತ್ತು ವಿಡಿಯೋ.

"ಎರಡು ಸುತ್ತು ಸಾಕು ಕಣೇ."

"ಮಗು ವಿಷ್ಯದಲ್ಲಿ ಸಾಕು ಅನ್ನೋ ಮಾತೇ ಬರ್ಬಾರ್ದು ರೀ!"

ನಾಲ್ಕೂ ಚಕ್ರದ ರಿಂಗುಗಳನ್ನು ಕೊನೆ ಮುಟ್ಟಿಸಿದಳು. ಜಾಕ್ ತೆಗೆದಾಗ ಕಾರು ಹಸೆಮಣೆ ಏರಿದ ಮದುಮಗಳಂತೆ ನೆಲ ನೋಡುತ್ತಾ ಕೂತಿತು.

ಅತ್ತೆ ಭಾಗ್ಯಮ್ಮ ಬಗ್ಗಿ ನೋಡಿದರು. "ಇದರಡೀಲಿ ಬೆಕ್ಕು ಮಲಗ್ತಿತ್ತು. ಈಗ ಇಲಿ ನುಗ್ಗೋಕೂ ಜಾಗ ಇಲ್ವಲ್ಲಮ್ಮ!"

ಮುಡಿಯ ದಿನ ಬೆಳಿಗ್ಗೆ ಕಾರು ಶುರುವಾದ ಕೂಡಲೇ ಹೊಸ ಎಕ್ಸಾಸ್ಟ್ ಘರ್ಜಿಸಿತು. ಬೀದಿಯ ಕೋಳಿಗಳೆಲ್ಲ ಗೋಡೆ ಹತ್ತಿದವು, ಕೂಸು ಕಿಟಾರನೆ ಕಿರುಚಿತು. ಮನೆಯಿಂದ ಇಪ್ಪತ್ತೇ ಹೆಜ್ಜೆ. ದಡ್! ಮುಂದಿನ ಚಕ್ರ ರಸ್ತೆಯ ಹಂಪ್ ದಾಟಿತು, ಕಾರಿನ ಹೊಟ್ಟೆ ದಾಟಲಿಲ್ಲ.

ಹಿಂದೆಯೇ ನೆಂಟರನ್ನೆಲ್ಲ ಟ್ರೇಲರಿನಲ್ಲಿ ತುಂಬಿಕೊಂಡು ಪಕ್ಕದ ಮನೆಯ ಕೆಂಪರಾಜ್ ಟ್ರ್ಯಾಕ್ಟರ್ ತಂದ. "ಏನ್ ಗುರು, ಗಾಡಿ ಹಂಪ್ ಮೇಲೆ ಕಾವಿಗೆ ಕೂತೈತಾ?"

"ಇಷ್ಟೆತ್ತರ ಹಂಪ್ ಹಾಕ್ಸಿರೋದು ಯಾರು? ಬುದ್ಧಿ ಬೇಡ್ವಾ!" ಸಿಂಚನ ಸಿಡಿದಳು.

ಕೆಂಪರಾಜ್ ಗಂಟಲು ಸರಿಮಾಡಿಕೊಂಡ. "ಮಗು ಅಂಬೆಗಾಲಿಕ್ತು ಅಂತ ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದು ನೀವೇ ಅಲ್ವಾ ಮೇಡಂ? ತಗ್ಗಾಯ್ತು ಅಂತ ಇನ್ನೊಂದು ಪದರ ಹಾಕ್ಸಿದ್ದೂ ನೀವೇ."

ಆದರೂ ಅವಳು ಸೋಲಲಿಲ್ಲ. "ರೀ, ಜಾಕ್ ಹಾಕಿ!"

ಕಾರನ್ನೆತ್ತಲು ಜಾಕ್ ತೂರಬೇಕು. ಜಾಕ್ ತೂರಲು ಕಾರನ್ನೆತ್ತಬೇಕು! ಮುಹೂರ್ತಕ್ಕೆ ಉಳಿದದ್ದು ಮುಕ್ಕಾಲು ಗಂಟೆ.

ಭಾಗ್ಯಮ್ಮ ಮೊಮ್ಮಗನನ್ನು ಎತ್ತಿಕೊಂಡು ಟ್ರೇಲರ್ ಹತ್ತಿಯೇಬಿಟ್ಟರು. "ಕತ್ತು! ಅತ್ತೆ, ಕತ್ತು ಹಿಡ್ಕೊಳ್ಳಿ!" ಎನ್ನುತ್ತಾ ಸಿಂಚನ ಬ್ಯಾಗಿನ ಸಮೇತ ಹಿಂದೆಯೇ ಹಾರಿದಳು. ದಾರಿಯುದ್ದಕ್ಕೂ ಎರಡೂ ಅಂಗೈಯನ್ನು ಮಗುವಿನ ತಲೆಗೆ ದಿಂಬು ಮಾಡಿದಳು. ಮಗುವೋ, ಒಂದೊಂದು ಕುಲುಕಿಗೂ ಎರಡು ಹಲ್ಲು ತೋರಿಸಿ ಕೇಕೆ ಹಾಕಿತು. ಘಾಟಿ ಬರುವಷ್ಟರಲ್ಲಿ ಗೊರಕೆ!

ಮುಡಿ ಮುಗಿದು ಪ್ರಸಾದ ಹಂಚುವ ಹೊತ್ತಿಗೆ ನವೀನ್ ಬಂದ. ಎಂಟು ಜನ ಸೇರಿ ಕಾರನ್ನು ಎತ್ತಿ ಇಳಿಸಿದ್ದರಂತೆ. "ಬಾರೇ, ಹಂಪ್ ಬಂದ್ರೆ ಇಳಿದು ದಾಟೋಣ. ಮಿಕ್ಕಿದ್ದೆಲ್ಲ ಬೆಣ್ಣೆ ಕಣೇ!"

ನಿಜಕ್ಕೂ ಬೆಣ್ಣೆಯೇ. ಟಾರ್ ರೋಡಿನಲ್ಲಿ ನೂರು ಗಜ ಹೋದರೂ ಒಂದು ಕುಲುಕಿಲ್ಲ. ಬೋಳುತಲೆಯ ಕೂಸು ಮಾತ್ರ ಬಿಲ್ಲಿನಂತೆ ಬಾಗಿ, ಮುಖ ಕೆಂಪಗಾಗುವಂತೆ ಅರಚಿತು. ಹಾಲು, ಗಿಲಕಿ, ಜೋಗುಳ ಯಾವುದೂ ನಡೆಯಲಿಲ್ಲ.

ಸಿಂಚನ ಕಾರು ನಿಲ್ಲಿಸಲು ಹೇಳಿ, ಮಗುವನ್ನೆತ್ತಿಕೊಂಡು ಇಳಿದು, ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿಗೆ ಕೈ ಅಡ್ಡ ಹಾಕಿದಳು. ಅತ್ತೆಯ ಪಕ್ಕ ಹತ್ತಿ ಕೂತು, ತಲೆ ತಗ್ಗಿಸಿ ಮೆಲ್ಲಗೆ ಹೇಳಿದಳು:

"ಕೆಂಪರಾಜಣ್ಣ, ಟಾರ್ ರೋಡ್ ಬೇಡ. ಗುಂಡಿ ಇರೋ ದಾರೀಲೇ ಹೋಗಿ!"