ಇಡ್ಲಿ ಪೆಟ್ಟಿಗೆಯ ಮೊಬೈಲುಗಳು

ನನ್ನ ಭಾವನಿಗಿದ್ದಷ್ಟು ತಾಯಂದಿರು ಮುಂಬಯಿ ಪಕ್ಕದ ಈ ಡೊಂಬಿವಲಿಯಲ್ಲಿ ಇನ್ಯಾವ ಗಂಡಸಿಗೂ ಇರಲಿಲ್ಲ! ನಗಬೇಡಿ, ಹೇಳುತ್ತೇನೆ.

ಅಕ್ಕ ತೀರಿಕೊಂಡ ಮೇಲೆ ಭಾವ ಕಲ್ಯಾಣ ಊರಿನಲ್ಲಿದ್ದ ತಮ್ಮ ಹೋಟೆಲು ಮುಚ್ಚಿ ಮನೆಯಲ್ಲಿ ಕೂತುಬಿಟ್ಟರು. ಮಕ್ಕಳಿಲ್ಲ. ನಾನೋ ಐದಕ್ಕೆ ಎದ್ದು, ಐದೂವರೆಗೆ ಸ್ನಾನ ಮುಗಿಸಿ, ಠಾಣೆಯಿಂದ ಆರು ಹತ್ತರ ಲೋಕಲ್ ರೈಲು ಹಿಡಿಯುವವಳು. ಸುಮ್ಮನೆ ಕೂತವರನ್ನು ಕಂಡರೆ ಆಗದು. ನಾನು ಪಾಠ ಮಾಡುತ್ತಿದ್ದ ಡೊಂಬಿವಲಿಯ ಶಾಲೆಯಲ್ಲಿ ಆಗಷ್ಟೇ ಹೊಸ ನಿಯಮ ಬಂದಿತ್ತು: ಮಕ್ಕಳು ಬೆಳಿಗ್ಗೆ ಗೇಟಿನಲ್ಲಿ ಮೊಬೈಲು ಕೊಟ್ಟು ಸಂಜೆ ಪಡೆಯಬೇಕು. ಆ ಕೆಲಸಕ್ಕೆ ಭಾವನನ್ನು ಸೇರಿಸಿದೆ.

ಮರುದಿನ ಅವರು ರಿಕ್ಷಾದಿಂದ ಇಳಿಸಿದ್ದೇನು? ಹೋಟೆಲಿನ ಇಡ್ಲಿ ಬೇಯಿಸುವ ಪೆಟ್ಟಿಗೆ! ಕುಳಿಗೊಂದು ಮೊಬೈಲು, ಮಕ್ಕಳ ಕೈಗೆ ಆ ಕುಳಿಯ ನಂಬರಿನ ಹಿತ್ತಾಳೆ ಟೋಕನ್ನು.

"ಭಾವ, ಇದು ಶಾಲೆ!"

"ಗೊತ್ತುಂಟು ಮಾರಾಯ್ತಿ. ಅದಕ್ಕೇ ಚಟ್ನಿ ತರಲಿಲ್ಲ."

ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದೇ ಒಂದು ಮೆಸೇಜು ಕಳಿಸಲು ಬಿಡಿ ಎಂದು ಗೋಗರೆದಳು: "ಅಂಕಲ್, ಏಕ್ ಮೆಸೇಜ್ ಕರ್ನೇ ದೋ ನಾ!"

"ಈಗ ಮುಚ್ಚಳ ತೆಗೆದ್ರೆ ಹಿಟ್ಟು ಹಿಟ್ಟೇ! ಬೆಂದ ಮೇಲೆ ಬಾ."

ನಿಯಮವೆಂದರೆ ತಮಗೂ ನಿಯಮ ಎಂದು ನಲವತ್ತನೇ ಕುಳಿಯಲ್ಲಿ ತಮ್ಮ ಮೊಬೈಲನ್ನೂ ಇಟ್ಟುಕೊಂಡಿದ್ದರು. ಅದೊಂದು ಮಾತ್ರ ಎಂದೂ ಬಡಿದುಕೊಳ್ಳಲಿಲ್ಲ.

ಉಳಿದವು ಬಿಡಬೇಕಲ್ಲ! ಮಧ್ಯಾಹ್ನದ ಬಿಡುವಾದರೆ ಪೆಟ್ಟಿಗೆಯೆಲ್ಲ ಗಣಗಣ. ತಾಯಂದಿರಿಗೆ ನಿಯಮ ಗೊತ್ತು, ಕೈ ಕೇಳಬೇಕೇ? ಭಾವ ಒಂದೊಂದನ್ನೇ ಎತ್ತಿ, "ಯಾರ ತಾಯಿ ಮಾತಾಡೋದು?" ಎನ್ನುವರು.

"ನಮ್ಮವ್ನು ಡಬ್ಬಾ ತಿಂದ್ನಾ ಅಂಕಲ್?"

ಭಾವ ಎರಡು ಮಾಳಿಗೆ ಹತ್ತಿ, ಇಣುಕಿ, ಏದುಸಿರಿನಲ್ಲೇ ವರದಿ ಒಪ್ಪಿಸುವರು: "ಚಪಾತಿ ಖಾಲಿ. ಹಾಗಲಕಾಯಿ ಹಾಗೇ ಉಂಟು."

"ಅಯ್ಯೋ! ನಿಮ್ದು ಊಟ ಆಯ್ತಾ ಅಂಕಲ್?"

ಯಾರಾದರೊಬ್ಬ ತಾಯಿ ಹೀಗೆ ಕೇಳಿದ ಮೇಲೆಯೇ ಅವರು ತಮ್ಮ ಡಬ್ಬಿ ಬಿಚ್ಚುತ್ತಿದ್ದುದು. ಎಂಥ ಹುಚ್ಚು ಪದ್ಧತಿ ಎಂದು ನಾವು ಶಿಕ್ಷಕಿಯರೆಲ್ಲ ನಕ್ಕಿದ್ದೇ ನಕ್ಕಿದ್ದು.

ಆದರೆ ಆ ಗಣಗಣ! ಶಿಸ್ತಿನವಳಾದ ನಾನು ಸಹಿಸುವುದುಂಟೇ? ಮೊಬೈಲು ಶಾಲೆಗೇ ಬರಕೂಡದು ಎಂದು ಮುಖ್ಯೋಪಾಧ್ಯಾಯಿನಿಗೆ ಪತ್ರ ಬರೆದೆ. ಜೂನ್‌ನಿಂದ ಹಾಗೇ ಆಯಿತು. ನಾನು ಗೆದ್ದೆ. ಭಾವ ಪೆಟ್ಟಿಗೆಯನ್ನು ರಿಕ್ಷಾಕ್ಕೆ ಏರಿಸಿಕೊಂಡು ಮನೆಗೆ ಹೋದರು.

ವಾರದ ನಂತರ, ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ಸಂಜೆ ಐದಾಗಿತ್ತು. ಒಲೆಯ ಮೇಲೆ ಕುಕ್ಕರ್, ಮುಚ್ಚಿದ ಮುಚ್ಚಳ ಮುಚ್ಚಿದ ಹಾಗೇ.

"ಇನ್ನೂ ಊಟ ಮಾಡಿಲ್ವಾ ಭಾವ?"

"ಯಾರೂ ಕೇಳ್ಲಿಲ್ಲ," ಎಂದು ನಕ್ಕರು.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ, ಶಾಲೆಯ ಹೊತ್ತಿನಲ್ಲಿ ಎಂದೂ ಮೊಬೈಲು ಮುಟ್ಟದ ನಾನು, ಮೆಟ್ಟಿಲ ಕೆಳಗೆ ಕಳ್ಳಿಯ ಹಾಗೆ ನಿಂತು ಅವರ ನಂಬರು ಒತ್ತಿದೆ.

"ಯಾರ ತಾಯಿ ಮಾತಾಡೋದು?" ಅದೇ ರೂಢಿ, ಅದೇ ದನಿ.

"ನಲವತ್ತನೇ ನಂಬರಿನವರು ಡಬ್ಬಾ ತಿಂದ್ರಾ?" ಎಂದೆ.

ಆ ಕಡೆಯಿಂದ ಕುಕ್ಕರಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು.