ಕಲ್ಯಾಣಿ ಕಾಲು ಚಾಚಿದ ಮಧ್ಯಾಹ್ನ

ಉಲ್ಲಾಳದ ಮಹದೇವನಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಆಸೆ. ಮಧ್ಯಾಹ್ನ ಊಟ ಮುಗಿಸಿ, ಮನೆಯ ಹಿಂದಿನ ಹಳೇ ಕೊಟ್ಟಿಗೆಯಲ್ಲಿ, ಹಗ್ಗದ ಮಂಚದ ಮೇಲೆ ಕಾಲು ಚಾಚಿ ಒಂದು ನಿದ್ದೆ ತೆಗೆಯುವುದು. ಅಪ್ಪನ ಕಾಲದ ಕೊಟ್ಟಿಗೆ ಅದು. ಮಣ್ಣಿನ ಗೋಡೆ, ಹೆಂಚಿನ ಮಾಡು, ಮೇಲೆ ಹೊಂಗೆ ಮರದ ನೆರಳು. ಹೊಲವೆಲ್ಲ ಲೇಔಟಾಗಿ, ಹಸುಗಳು ಹೋಗಿ ಎಷ್ಟೋ ವರ್ಷವಾಗಿದ್ದರೂ ಕೊಟ್ಟಿಗೆ ಮಾತ್ರ ಉಳಿದುಕೊಂಡಿತ್ತು. ಬೇಸಿಗೆಯಲ್ಲಿ ತಾರಸಿ ಕಾದು ಮನೆಯೇ ಒಲೆಯಾದಾಗ ಮಹದೇವ ತನ್ನ ಪೈಪು-ನಲ್ಲಿ ಅಂಗಡಿಯ ಷಟರ್ ಅರ್ಧಕ್ಕೆಳೆದು ಅಲ್ಲಿಗೆ ಓಡಿಬರುತ್ತಿದ್ದ.

ಹೆಂಡತಿ ಕಲಾಗೆ ಆ ಕೊಟ್ಟಿಗೆ ಕಂಡರಾಗದು. ಅದನ್ನು ಕೆಡವಿಸಿ ಎರಡು ಬಾಡಿಗೆ ಮನೆ ಕಟ್ಟಿಸಬೇಕೆಂದು ಅವಳ ಹಠ.

"ನಿಮ್ಮ ನಿದ್ದೆಗೆ ಯಾರ್ರೀ ಬಾಡಿಗೆ ಕೊಡ್ತಾರೆ?" ಎಂದಳು ಒಂದು ದಿನ.

ಮಹದೇವನ ಬುದ್ಧಿ ಓಡುವುದೇ ಅಪರೂಪ. ಓಡಿದರೂ ನೇರ ಹಳ್ಳದ ಕಡೆಗೇ. "ಕೊಟ್ಟಿಗೆಗೂ ಬಾಡಿಗೆ ಬರುತ್ತೆ ಕಣೇ, ನೋಡ್ತಾ ಇರು" ಎಂದು ಎದ್ದುಹೋದವನು, ಬಾಪೂಜಿ ನಗರದ ಭೈರೇಶನ ಮದುವೆ ಕುದುರೆಯನ್ನು ಬೇಸಿಗೆ ಮುಗಿಯುವವರೆಗೆ ಇಟ್ಟುಕೊಳ್ಳುವುದಾಗಿ ಒಪ್ಪಿಕೊಂಡು ಬಂದ. ಭೈರೇಶ ಮೆರವಣಿಗೆಗೆ ಕುದುರೆ ಕಳಿಸುವವನು. ಅವನ ಲಾಯಕ್ಕೆ ತಗಡಿನ ಶೀಟು, ಬಿಸಿಲಿಗೆ ಕುದುರೆಗಳು ಬೆಂದುಹೋಗುತ್ತಿದ್ದವು. ಹಾಗೆ ಬಂದದ್ದು ಕಲ್ಯಾಣಿ ಎಂಬ ಬಿಳಿ ಹೆಣ್ಣು ಕುದುರೆ. ಅದು ಸೀದಾ ಹೋಗಿ ಮಂಚದ ಜಾಗದಲ್ಲೇ ನಿಂತಿತು. ಮಂಚ ಹೊರಗೆ ಬಂತು. ಇದೊಂದು ಬೇಸಿಗೆ ಹಲ್ಲು ಕಚ್ಚಿಕೊಂಡಿದ್ದರೆ ಕೊಟ್ಟಿಗೆಯೂ ಉಳಿಯುತ್ತದೆ, ಕುದುರೆಯೂ ಹೋಗುತ್ತದೆ ಎಂದು ಮಹದೇವ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಅಷ್ಟರಲ್ಲಿ, ಕರೆಂಟಿನ ತಂತಿಗೆ ತಾಗುತ್ತದೆಂದು ಯಾರೋ ಬಂದು ಹೊಂಗೆ ಮರದ ಕೊಂಬೆಗಳನ್ನೆಲ್ಲ ಕಡಿದುಹೋದರು. ಬಿಸಿಲು ನೇರ ಹೆಂಚಿನ ಮೇಲೆ ಬಿತ್ತು. ಮಾರನೆಯ ಬೆಳಿಗ್ಗೆ ನೋಡಿದರೆ ಕಲ್ಯಾಣಿ ತಲೆ ಜೋಲುಹಾಕಿಕೊಂಡು ಏದುಸಿರು ಬಿಡುತ್ತಿತ್ತು. ಮೈಯೆಲ್ಲ ಬೆವರು. ಬಕೆಟ್ಟಿನ ನೀರನ್ನು ಮೂಸಿಯೂ ನೋಡಿರಲಿಲ್ಲ.

ಕಲಾ ವಿಜಯನಗರದ ತಂಗಿ ಮನೆಗೆ ಹೊರಟು ನಿಂತಿದ್ದಳು. ಒಂದು ಗಳಿಗೆ ನಿಂತು ಕುದುರೆಯನ್ನು ನೋಡಿದಳು.

"ಮಧ್ಯಾಹ್ನ ಭೈರೇಶ್ ನೋಡಕ್ಕೆ ಬರ್ತಾರಲ್ಲ. ಅವ್ರು ಕುದುರೆ ಚೆನ್ನಾಗಿದೆ ಅಂದ್ರೆ ಕೊಟ್ಟಿಗೆ ಇರ್ಲಿ, ನಾನಿನ್ನು ಬಾಯಿ ಬಿಡಲ್ಲ. ಇಲ್ಲಾಂದ್ರೆ ಸೋಮವಾರ ಜೇಸಿಬಿ. ನೀವು ಬಾಯಿ ಬಿಡಂಗಿಲ್ಲ."

"ಆಯ್ತು ಕಣೇ" ಎಂದ ಮಹದೇವ. ಬೇರೆ ಏನು ತಾನೇ ಹೇಳಿಯಾನು?

ಅವಳು ಬೀದಿಯ ತಿರುವು ದಾಟುವುದನ್ನೇ ಕಾಯುತ್ತಿದ್ದವರಂತೆ ಪಕ್ಕದ ಮನೆಯ ಅಂಜನಮ್ಮ ಬಂದರು. ಆ ಬೀದಿಯಲ್ಲಿ ನಾಲ್ಕು ಬಾಣಂತನ ಮಾಡಿದ ಕೈ ಅವರದು. ತೌರಿಗೆ ಬಂದ ಮಗಳನ್ನು ನೋಡುವಂತೆ ಕಲ್ಯಾಣಿಯ ಹಣೆ ಮುಟ್ಟಿ ನೋಡಿದರು.

"ಉಷ್ಣ ಕಣಪ್ಪ ಇದು! ನೆತ್ತಿಗೇರಿಬಿಟ್ಟಿದೆ. ಒಂದ್ ಬಟ್ಟಲು ಹರಳೆಣ್ಣೆ ತಟ್ಟಿದ್ರೆ ಎಲ್ಲಾ ಇಳಿಯುತ್ತೆ."

"ಅಂಜನಮ್ಮೋರೇ, ಅದು ಕುದುರೆ..."

"ಕುದುರೆಗೆ ನೆತ್ತಿ ಇಲ್ವೇನಪ್ಪ?"

ಮಹದೇವ ಚೊಂಬು ತಂದು ಕುದುರೆಯ ಮೈಗೆ ನೀರು ಎರಚತೊಡಗಿದ. ಅಂಜನಮ್ಮ ಸ್ಟೂಲು ಹತ್ತಿ ಎಣ್ಣೆ ತಟ್ಟತೊಡಗಿದರು. ಕಲ್ಯಾಣಿ ಕಣ್ಣು ಮುಚ್ಚಿ ತಟ್ಟಿಸಿಕೊಂಡಿತು. ಅದೇ ಹೊತ್ತಿಗೆ ಎದುರು ಮನೆಯ ಕೆಂಪಯ್ಯನವರು ಇಸ್ತ್ರಿ ಮಾಡಿದ ಬಿಳಿ ಷರಟಿನಲ್ಲಿ ಒಳಗೆ ಬಂದರು. ಬಸ್ ಕಂಡಕ್ಟರಾಗಿ ರಿಟೈರಾದವರು. ಡ್ಯೂಟಿ ಮುಗಿದರೂ ಕೊರಳಿನ ಸೀಟಿ ಬಿಟ್ಟಿರಲಿಲ್ಲ.

"ಬಾಗಿಲಲ್ಲಿ ನಿಲ್ಬೇಡಿ, ಗಾಳಿ ಬರ್ಲಿ! ಒಳಗೆ ನಡೀರಿ, ಒಳಗೆ ನಡೀರಿ!"

ಕಲ್ಯಾಣಿಗೆ ಏನನ್ನಿಸಿತೋ, ಜೋರಾಗಿ ತಲೆ ಕೊಡವಿತು. ಹರಳೆಣ್ಣೆಯೆಲ್ಲ ಬಂದು ಬಿಳಿ ಷರಟಿನ ಮೇಲೆ ಕೂತಿತು.

ಕೆಂಪಯ್ಯನವರು ಷರಟು ನೋಡಿಕೊಂಡರು, ಕುದುರೆ ನೋಡಿದರು, ಕೊನೆಗೆ ಮಹದೇವನನ್ನು ಬೈದರು. "ಪೈಪಿನ ಅಂಗಡಿ ಇಟ್ಕೊಂಡು ಚೊಂಬಲ್ಲಿ ನೀರು ಎರಚ್ತೀಯಲ್ಲೋ! ಮೊದ್ಲು ಹೆಂಚು ತಣ್ಣಗೆ ಮಾಡು."

ಆ ದಿನ ಯಾರಾದರೂ ಆಡಿದ ಬುದ್ಧಿವಂತಿಕೆಯ ಮಾತೆಂದರೆ ಅದೊಂದೇ. ಮಹದೇವ ಅಂಗಡಿಗೆ ಓಡಿ ಒಂದು ಸುರುಳಿ ಪೈಪು ತಂದ. ಉದ್ದಕ್ಕೂ ತೂತು ಹೊಡೆದು, ಮಾಡಿನ ನೆತ್ತಿಯ ಮೇಲೆ ಕಟ್ಟಿ, ಮೋಟಾರು ಹಾಕಿದ. ಹೆಂಚು ಚುಂಯ್ ಎಂದಿತು. ನೀರು ಇಳಿಜಾರಿನಲ್ಲಿ ಹರಿದು, ಒಡೆದ ಹೆಂಚೊಂದರ ಸಂದಿಯಿಂದ ಧಾರೆಯಾಗಿ ಒಳಗಿಳಿಯಿತು. ಕೆಳಗಿದ್ದದ್ದು ಕಲ್ಯಾಣಿಯಲ್ಲ, ಕೆಂಪಯ್ಯನವರು.

"ಎಣ್ಣೆ ಆಯ್ತು, ನೀರೂ ಆಯ್ತು, ಇನ್ನು ಸೀಗೆಕಾಯಿ ಒಂದು ಬಾಕಿ" ಎಂದು ಗೊಣಗಿದರೂ ಅವರು ಜಾಗ ಬಿಟ್ಟು ಕದಲಲಿಲ್ಲ. ಹೊರಗಿನ ಬಿಸಿಲಿಗೆ ಆ ಧಾರೆ ಹಿತವಾಗಿತ್ತೆಂದು ಕಾಣುತ್ತದೆ.

ಮಹದೇವನಿಗೆ ಹುಮ್ಮಸ್ಸು ಬಂದುಬಿಟ್ಟಿತು. ಗೋಣಿಚೀಲಗಳನ್ನು ನೆನೆಸಿ ಕಿಟಕಿಗಳಿಗೆ ತೂಗುಹಾಕಿದ. ಪೈಪು ಹಿಡಿದು ಕುದುರೆಯ ಕಾಲು, ಎದೆ, ಕತ್ತು ಎಲ್ಲಕ್ಕೂ ನೀರು ಬಿಟ್ಟ. ಕೊನೆಗೆ, ಕಲಾ ಹೊಸದಾಗಿ ತಂದು ನಡುಮನೆಯಲ್ಲಿಟ್ಟಿದ್ದ ಏರ್ ಕೂಲರನ್ನು ಎರಡು ಕೈಯಲ್ಲಿ ತಬ್ಬಿಕೊಂಡು ಕೊಟ್ಟಿಗೆಗೆ ಹೊತ್ತು ತಂದ. ಅದನ್ನು ಹೊತ್ತು ತರುವಾಗ ಅವನ ಎದೆ ಹೊಡೆದುಕೊಂಡದ್ದು ಭಾರಕ್ಕಲ್ಲ.

ಸಹಾಯಕ್ಕೆ ಬಂದವರಿಗೆಂದು ಅಂಜನಮ್ಮ ಒಂದು ಕೊಳಗ ನೀರುಮಜ್ಜಿಗೆ ಮಾಡಿ ತಂದಿಟ್ಟರು. ಉಪ್ಪು, ಕರಿಬೇವು ಹಾಕಿದ್ದರು. ಮಹದೇವ ಲೋಟ ಅದ್ದುವಷ್ಟರಲ್ಲಿ ಪಕ್ಕದಿಂದ ಉದ್ದನೆಯ ಬಿಳಿ ಮೂತಿಯೊಂದು ಬಂತು. ಬೆಳಿಗ್ಗೆಯಿಂದ ಬಾಯಿಗೆ ಹನಿ ನೀರು ಹಾಕದಿದ್ದ ಕಲ್ಯಾಣಿ ಕೊಳಗ ಬರಿದಾಗುವವರೆಗೂ ತಲೆ ಎತ್ತಲಿಲ್ಲ.

"ಕುಡೀತು! ಕುಡೀತು!" ಎಂದು ಮಹದೇವ ಕುಣಿದಾಡಿದ. ಅವನ ಕಣ್ಣಲ್ಲಿ ನಿಜಕ್ಕೂ ನೀರಿತ್ತು. ಕುದುರೆಯ ಏದುಸಿರೂ ನಿಧಾನವಾಗಿತ್ತು.

ಊಟದ ಹೊತ್ತು ಕಳೆಯುವಷ್ಟರಲ್ಲಿ ಕೊಟ್ಟಿಗೆ ಗುಹೆಯಂತೆ ತಂಪಾಗಿತ್ತು. ಮಹದೇವ ನೀರಿನ ಮೋಟಾರು ನಿಲ್ಲಿಸಿ ತಿರುಗಿ ಬಂದ. ನೋಡುತ್ತಾನೆ, ಕಲ್ಯಾಣಿ ನೆಲದ ಮೇಲೆ ಬಿದ್ದಿದೆ. ನಾಲ್ಕೂ ಕಾಲು ಸೆಟೆದು ಚಾಚಿಕೊಂಡಿವೆ. ಕತ್ತು ನೆಲಕ್ಕೆ ಒರಗಿದೆ. ಅಲುಗಾಟವಿಲ್ಲ.

"ಅಯ್ಯೋ ನನ್ ತಾಯೀ! ಮಜ್ಜಿಗೆ ಕೊಟ್ಟು ಕೊಂದ್ಬಿಟ್ನಲ್ಲಪ್ಪಾ!" ಎಂದು ಅಂಜನಮ್ಮ ಬಾಯಿ ಬಡಿದುಕೊಂಡರು. ಕುದುರೆ ಯಾವತ್ತೂ ನಿಂತೇ ನಿದ್ದೆ ಮಾಡುವುದು, ಮಲಗಿತು ಎಂದರೆ ಮುಗಿಯಿತು ಎಂದು ಕೆಂಪಯ್ಯನವರು ತೀರ್ಪು ಕೊಟ್ಟರು.

ಸರಿಯಾಗಿ ಆಗ ಕಲಾ ಬಂದಳು. ಅವಳ ಕಣ್ಣಿಗೆ ಮೊದಲು ಬಿದ್ದದ್ದು ಕೂಲರು. ಆಮೇಲೆ ಕುದುರೆ. ಸೀದಾ ಮೊಬೈಲು ತೆಗೆದಳು.

"ಹಲೋ, ಜೇಸಿಬಿಯವ್ರಾ? ಸೋಮವಾರ ಬಂದ್ಬಿಡಿ."

ಅವಳು ಮಾತು ಮುಗಿಸುವಷ್ಟರಲ್ಲಿ ಹೊರಗೆ ಭೈರೇಶನ ಬೈಕು ನಿಂತಿತು. ಮಹದೇವ ಹೋಗಿ ಅವನ ಎರಡೂ ಕೈ ಹಿಡಿದುಕೊಂಡ. "ತಪ್ಪಾಯ್ತು ಭೈರೇಶ. ನಾನು ಎಲ್ಲಾ ಮಾಡ್ದೆ. ಆದ್ರೂ..."

ಭೈರೇಶ ಒಳಗೆ ಬಗ್ಗಿ ನೋಡಿ ಹಾಗೇ ನಿಂತುಬಿಟ್ಟ. ಆಮೇಲೆ ಬೆರಳನ್ನು ತುಟಿಗಿಟ್ಟು, "ಶ್, ಮೆಲ್ಲಗೆ ಮಾತಾಡಿ" ಎಂದ.

ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಗೊರ್ ಎಂಬ ಸದ್ದು ಎಲ್ಲರಿಗೂ ಕೇಳಿಸಿತು. ಕಲ್ಯಾಣಿ ಗೊರಕೆ ಹೊಡೆಯುತ್ತಿತ್ತು.

"ಅಣ್ಣ, ನಮ್ಮಲ್ಲಿಗೆ ಬಂದಾಗಿಂದ ಇದು ಹಿಂಗೆ ಮಲಗಿದ್ದು ನಾನು ನೋಡೇ ಇಲ್ಲ. ತೂಕಡಿಸೋದು ನಿಂತೇ. ಪೂರ್ತಿ ಆರಾಮ ಅನ್ಸಿದ್ರೆ, ಏನೂ ಭಯ ಇಲ್ಲ ಅಂದ್ರೆ ಮಾತ್ರ ಕುದುರೆ ಹಿಂಗೆ ಕಾಲು ಚಾಚೋದು. ಏನ್ ಮಾಡಿದ್ರಣ್ಣ ನೀವು!"

ಕೆಂಪಯ್ಯನವರು ತಡೆಯಲಾರದೆ ಸೀಟಿ ಊದಿ "ರೈಟ್, ರೈಟ್!" ಎಂದರು. ಕಲ್ಯಾಣಿ ಒಂದು ಕಿವಿ ಅಲ್ಲಾಡಿಸಿ ಮತ್ತೆ ಮಲಗಿತು. ಅಂಜನಮ್ಮ "ಹರಳೆಣ್ಣೆ ಅಂದ್ರೆ ಸುಮ್ನೇನಾ!" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮಹದೇವ ಮೂರು ಲೋಕ ಗೆದ್ದವನ ಹಾಗೆ ಹೆಂಡತಿಯ ಕಡೆ ತಿರುಗಿದ. ಕಲಾ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಎಲ್ಲರೆದುರಿಗೇ ಮತ್ತೆ ಫೋನು ಮಾಡಿ ಜೇಸಿಬಿಯನ್ನು ಬೇಡವೆಂದಳು.

"ಕೊಟ್ಟಿಗೆ ಇರುತ್ತೆ" ಎಂದಳು. "ಸೋತೆ, ಒಪ್ಕೋತೀನಿ."

ಮದುವೆಯಾದಾಗಿನಿಂದ ಮಹದೇವ ಅವಳ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಅವನು ಅದನ್ನೇ ಚಪ್ಪರಿಸುತ್ತ ನಿಂತಿದ್ದಾಗ ಭೈರೇಶ ಕಲಾಳ ಹತ್ತಿರ ಹೋದ.

"ಅಕ್ಕ, ಇನ್ನೂ ಎರಡು ಕುದುರೆ ಇದಾವೆ. ಅವನ್ನೂ ಇಲ್ಲೇ ಬಿಡ್ಲಾ? ಬೇಸಿಗೆಗೆ ಮಾತ್ರ ಅಲ್ಲ, ಖಾಯಂ ಇಲ್ಲೇ ಇರ್ಲಿ. ಒಂದೇ ಒಂದು ಮಾತು, ಬಿಸಿಲು ಹೊತ್ತಲ್ಲಿ ಯಾರಾದ್ರೂ ಪೈಪು ಹಿಡ್ಕೊಂಡು ಪಕ್ಕದಲ್ಲೇ ಇರ್ಬೇಕು."

ಕಲಾ ಗಂಡನನ್ನು ನೋಡಿ ನಕ್ಕಳು. "ಅದಕ್ಕೇನಂತೆ ಭೈರೇಶ್? ಮಧ್ಯಾಹ್ನ ಹೇಗೂ ಇವ್ರು ಇರೋದು ಕೊಟ್ಟಿಗೇಲೇ."

ಮಾರನೆಯ ಮಧ್ಯಾಹ್ನ ಕೆಂಪಯ್ಯನವರು ಕೊಟ್ಟಿಗೆಗೆ ಇಣುಕಿದರು. ಕೂಲರು ಗುಂಯ್‌ಗುಡುತ್ತಿತ್ತು. ಹಗ್ಗದ ಮಂಚವಿದ್ದ ಜಾಗದಲ್ಲಿ ಕಲ್ಯಾಣಿ, ಅದರ ಆಚೆ ಇನ್ನೆರಡು, ಮೂರು ಕುದುರೆಗಳೂ ಕಾಲು ಚಾಚಿ ಮಲಗಿದ್ದವು. ಕಂಬಕ್ಕೊರಗಿ, ಕೈಯಲ್ಲಿ ಪೈಪು ಹಿಡಿದು, ಮಹದೇವ ನಿಂತೇ ತೂಕಡಿಸುತ್ತಿದ್ದ.

ಕೆಂಪಯ್ಯನವರು ಮೆಲ್ಲಗೆ ಕೇಳಿದರು: "ಏನ್ ಮಹದೇವ, ಸೀಟು ಸಿಗ್ಲಿಲ್ವಾ?"